ಹಿತ್ತಾಳೆ ಬೆಳಗಲು ಹುಣಸೆಯೋ, ನಿಂಬೆಯೋ, ಪುಡಿಯೋ, ಬ್ರಾಸೋವೋ?

ಅತ್ತೆಯವರ ಕಾಲದ ಹಿತ್ತಾಳೆ ಹರಿವಾಣವೊಂದು ನಮ್ಮ ಅಟ್ಟದ ಮೇಲೆ ಹತ್ತು ಹನ್ನೆರಡು ವರ್ಷ ಮೂಟೆಯೊಳಗೆ ಬಿದ್ದಿತ್ತು. ಕೆಳಗಿಳಿಸಿದಾಗ ಅದಕ್ಕೆ ಹಳೇ ಬೆಲ್ಲದ ಬಣ್ಣ ಬಂದಿತ್ತು, ಅಂಚಿನಲ್ಲಿ ಅಲ್ಲಲ್ಲಿ ಹಸಿರು ಕಿಲುಬು. ತಕ್ಷಣ ತಿಕ್ಕಿ ಬೆಳಗಿಬಿಡಲು ಮನಸ್ಸಾಗಲಿಲ್ಲ. ಹಬ್ಬ ಹತ್ತಿರ ಬಂದಾಗಲೆಲ್ಲ ಮನೆಯಲ್ಲಿ ನಡೆಯುವ ಒಂದು ವಾದವಿದೆ. ಅತ್ತಿಗೆ ಹುಣಸೆಹಣ್ಣಿನ ಪಕ್ಷ, ನಾದಿನಿ ಪಿತಾಂಬರಿ ಪುಡಿಯ ಪಕ್ಷ, ಪಕ್ಕದ ಮನೆಯವರು ನಿಂಬೆ ಹೋಳಿಗೆ ಉಪ್ಪು ಹಚ್ಚಿ ತಿಕ್ಕುವವರು. ಹರಿವಾಣ ಅಗಲವಾಗಿತ್ತು, ಚಪ್ಪಟೆಯಾಗಿತ್ತು, ಎಲ್ಲ ಕಡೆಯೂ ಒಂದೇ ಸಮ ಕಪ್ಪಿಟ್ಟಿತ್ತು. ಟೇಪು ಅಂಟಿಸಿ ಆರು ಭಾಗ ಮಾಡಿ, ಒಂದೊಂದಕ್ಕೆ ಒಂದೊಂದು ಬಗೆ ಹಚ್ಚಿ ನೋಡಿದೆ: ಹುಣಸೆ, ನಿಂಬೆ ಮತ್ತು ಉಪ್ಪು, ಹುಳಿ ಬಂದ ಮಜ್ಜಿಗೆ, ಒಲೆ ಬೂದಿ, ಪಿತಾಂಬರಿ, ಬ್ರಾಸೋ.

ಮೊದಲ ದಿನದ ಫಲ ಹೀಗಿತ್ತು. ನಿಂಬೆ-ಉಪ್ಪು ಎಲ್ಲಕ್ಕಿಂತ ಬೇಗ, ಎರಡು ನಿಮಿಷದೊಳಗೆ ಬಣ್ಣ ತಿರುಗಿಸಿತು. ಪಿತಾಂಬರಿ ಅದರ ಬೆನ್ನಿಗೇ ಬಂತು. ಹುಣಸೆ ಐದಾರು ನಿಮಿಷ ತೆಗೆದುಕೊಂಡಿತು, ಆದರೆ ಬಣ್ಣ ಎಲ್ಲಕ್ಕಿಂತ ಸಮವಾಗಿ ಬಂತು. ಮಜ್ಜಿಗೆ ಅರ್ಧ ಗಂಟೆಯಾದರೂ ಕಂದು ನೆರಳನ್ನು ಬಿಟ್ಟೇ ಇತ್ತು. ಬೂದಿ ಜಿಡ್ಡನ್ನು ಪೂರ್ತಿ ತೆಗೆಯಿತು, ಕಪ್ಪನ್ನು ಮಾತ್ರ ಹೆಚ್ಚು ಮುಟ್ಟಲಿಲ್ಲ. ಕನ್ನಡಿಯ ಹಾಗೆ ಮುಖ ಕಾಣುವಂತಾದದ್ದು ಬ್ರಾಸೋ ಹಚ್ಚಿದ ಭಾಗ ಒಂದೇ. ಆದರೆ ನಿಜವಾದ ಪಾಠ ಸಿಕ್ಕಿದ್ದು ಆಮೇಲೆ. ಮೂರನೇ ವಾರದ ಹೊತ್ತಿಗೆ ನಿಂಬೆಯ ಭಾಗ ಮೊದಲು ಮಂಕಾಯಿತು, ಹುಣಸೆಯದು ಸ್ವಲ್ಪ ತಡವಾಗಿ, ಬ್ರಾಸೋದ್ದು ಕೊನೆಗೆ. ಅಂದರೆ ಬೇಗ ಬೆಳಗುವುದು ಒಂದು ಗುಣ, ಬೆಳಗಿದ್ದು ಉಳಿಯುವುದು ಇನ್ನೊಂದು. ಎರಡನ್ನೂ ಒಂದೇ ಬಾಟಲಿಯಿಂದ ನಿರೀಕ್ಷಿಸಿದರೆ ಆಯ್ಕೆ ತಪ್ಪುತ್ತದೆ.

ಒಂದೇ ಮಾತಿನ ಉತ್ತರ ಬೇಕಿದ್ದವರಿಗೆ ನನ್ನ ಉತ್ತರ ಹುಣಸೆ. ಆದರೆ ದೀಪದ ಕಂಬಕ್ಕೆ ಆ ಉತ್ತರ ಸಾಲದು, ಹಳೇ ವಿಗ್ರಹಕ್ಕೆ ತಪ್ಪು, ಬಿದರಿ ಸಾಮಾನಿಗಂತೂ ಅಪಾಯ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೊಳೆ ಯಾವುದು, ಲೋಹ ಯಾವುದು

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಕಂಚಿನಲ್ಲಿ ಸತುವಿನ ಬದಲು ತವರ ಇರುತ್ತದೆ. ಗಾಳಿ, ತೇವ, ಬೆವರು ತಗಲಿ ಮೇಲಿನ ತಾಮ್ರ ಆಕ್ಸೈಡಾಗಿ ಕಂದಾಗುತ್ತದೆ, ಗಂಧಕದ ಅಂಶ ಸೇರಿದರೆ ಕಪ್ಪಾಗುತ್ತದೆ. ತೇವ ಬಹಳ ದಿನ ನಿಂತರೆ, ಅದರಲ್ಲೂ ಉಪ್ಪು ಅಥವಾ ಹುಳಿ ಉಳಿದ ಜಾಗದಲ್ಲಿ, ಹಸಿರು ಕಿಲುಬು ಕಟ್ಟುತ್ತದೆ. ಈ ಮೂರಕ್ಕೂ ಮದ್ದು ಹುಳಿಯೇ, ಅಂದರೆ ಆಮ್ಲ. ಅದು ಈ ಪದರವನ್ನು ಕರಗಿಸುತ್ತದೆ.

ಆದರೆ ನಮ್ಮ ದೇವರ ಮನೆಯ ಸಾಮಾನಿನ ಮೇಲೆ ಇರುವ ಕಪ್ಪೆಲ್ಲ ಲೋಹದ ಕಪ್ಪಲ್ಲ. ದೀಪದ ಬಾಯಲ್ಲಿ, ಬತ್ತಿ ಇಡುವ ಮೂಗಿನಲ್ಲಿ, ಕಂಬದ ಸುರುಳಿಗಳಲ್ಲಿ ಕೂತಿರುವುದು ಎಳ್ಳೆಣ್ಣೆ ಒಣಗಿ ಮೇಣದಂತಾದ ಜಿಡ್ಡು, ಅದರೊಳಗೆ ಮಸಿ. ಇದರ ಮೇಲೆ ಎಷ್ಟು ಹುಣಸೆ ಸುರಿದರೂ ಹುಳಿ ಲೋಹವನ್ನು ಮುಟ್ಟುವುದೇ ಇಲ್ಲ. "ಈಗಿನ ಹುಣಸೆಹಣ್ಣಿನಲ್ಲಿ ಸತ್ವವೇ ಇಲ್ಲ" ಎಂದು ದೂರುವವರ ದೀಪವನ್ನು ಉಗುರಿನಿಂದ ಕೆರೆದು ನೋಡಿ. ಉಗುರಿಗೆ ಅಂಟಂಟಾಗಿ ಬಂದರೆ ಅದು ಎಣ್ಣೆ, ತಪ್ಪು ಹುಣಸೆಯದಲ್ಲ.

ಇನ್ನೂ ಎರಡು ಪರೀಕ್ಷೆ ಇವೆ, ಎರಡಕ್ಕೂ ಸೇರಿ ಒಂದು ನಿಮಿಷ ಸಾಕು. ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಕಬ್ಬಿಣ, ಮೇಲೆ ಹಿತ್ತಾಳೆಯ ಲೇಪ ಅಷ್ಟೇ. ಅದನ್ನು ತಿಕ್ಕಿ ಬೆಳಗಿದರೆ ಲೇಪವೇ ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡಿ. ಎರಡನೆಯದು, ಅಲಂಕಾರಕ್ಕೆಂದು ಕೊಂಡ ಹೊಸ ಸಾಮಾನಿನ ಮೇಲೆ ಮೆರುಗೆಣ್ಣೆಯ ತೆಳು ಪದರ ಇದೆಯೇ ನೋಡಿ. ಇದ್ದರೆ ಹುಳಿ ಹಚ್ಚಿದ ಜಾಗದಲ್ಲಿ ಬಣ್ಣ ಬದಲಾಗುವುದಿಲ್ಲ, ಪದರ ಕಿತ್ತುಬಂದ ಜಾಗದಲ್ಲಿ ಮಾತ್ರ ಕಪ್ಪು ಚುಕ್ಕೆಗಳಿರುತ್ತವೆ. ಆ ಪದರವನ್ನು ಅಸಿಟೋನ್‌ನಿಂದ, ಅಂದರೆ ಅಸಿಟೋನ್ ಇರುವ ಉಗುರುಬಣ್ಣ ತೆಗೆಯುವ ದ್ರವದಿಂದ, ಪೂರ್ತಿ ತೆಗೆದ ಮೇಲೆಯೇ ಉಳಿದ ಕೆಲಸ.

ಹುಳಿಗಳಲ್ಲಿ ಯಾವ ಹುಳಿ

ಹುಣಸೆಯನ್ನು ನಾನು ಮೇಲಿಡುವುದಕ್ಕೆ ಕಾರಣ ಅಭ್ಯಾಸ ಮಾತ್ರವಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕೆಲಸ ಮಾಡುತ್ತದೆ ಎಂಬುದು ಒಂದು. ಅದು ರಸವಾಗಿ ಹರಿದುಹೋಗದೆ ತಿರುಳಾಗಿ ಅಂಟಿಕೊಂಡಿರುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ಬಿಂದಿಗೆಯ ಹೊಟ್ಟೆ, ತಂಬಿಗೆಯ ಕತ್ತು, ಗಂಟೆಯ ಹಿಡಿ ಇಂಥ ಕಡೆ ನಿಂಬೆರಸ ಕೆಳಗಿಳಿದು ಅಡಿಯಲ್ಲಿ ಸೇರುತ್ತದೆ, ಮೇಲೆ ಗೆರೆಗೆರೆಯಾಗಿ ಉಳಿಯುತ್ತದೆ. ಹುಣಸೆ ಬಳಿದ ಜಾಗದಲ್ಲೇ ಕೂರುತ್ತದೆ. ಸಾರಿಗೆ ಹಿಂಡಿ ಉಳಿದ ಚರಟವೇ ಸಾಕು, ಹೊಸ ಹಣ್ಣು ಬೇಡ. ಹಳೇ ಹುಣಸೆ, ಕಪ್ಪಾಗಿ ಅಡುಗೆಗೆ ಬೇಡವಾದದ್ದು, ಇನ್ನೂ ಒಳ್ಳೆಯದು. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಬೀಜ ತೆಗೆದು, ಚಿಟಿಕೆ ಉಪ್ಪು ಬೆರೆಸಿ ಹಚ್ಚಿ. ಉಪ್ಪು ಪೂರ್ತಿ ಕರಗಿರಲಿ. ಕರಗದ ಹರಳು ಗೀರು ಹಾಕುತ್ತದೆ. ಕರಗಿದ ಉಪ್ಪಾದರೆ ತಾಮ್ರದ ಪದರ ಬಿಡಿಸುವುದರಲ್ಲಿ ಹುಳಿಗೆ ನೆರವಾಗುತ್ತದೆ. ಐದರಿಂದ ಹತ್ತು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಹಗುರವಾಗಿ ತಿಕ್ಕಿ ತೊಳೆಯಿರಿ.

ಹತ್ತು ನಿಮಿಷ ಎಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮದುವೆಯಾದ ಹೊಸದರಲ್ಲಿ ಆರತಿ ತಟ್ಟೆಯೊಂದನ್ನು ಹುಣಸೆನೀರಿನಲ್ಲಿ ಮುಳುಗಿಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಎತ್ತಿದರೆ ಹಳದಿಯ ಬದಲು ತಾಮ್ರದ ಗುಲಾಬಿ ಬಣ್ಣ, ಅದೂ ಅಲ್ಲಲ್ಲಿ. ಹುಳಿ ಹೆಚ್ಚು ಹೊತ್ತು ನಿಂತರೆ ಮೇಲ್ಮೈಯ ಸತು ಮೊದಲು ಕರಗಿಹೋಗಿ ತಾಮ್ರ ಮುಂದೆ ಬರುತ್ತದೆ, ನೀರಿಗೆ ಬಿಟ್ಟ ತಾಮ್ರವೂ ಮತ್ತೆ ಮೇಲೆ ಕೂರುತ್ತದೆ. ಆ ಪದರ ತೆಳುವಾದದ್ದು, ನುಣ್ಣನೆಯ ಹೊಳಪು ಪುಡಿಯಿಂದ ತಿಕ್ಕಿದರೆ ಹೋಗುತ್ತದೆ. ಆದರೆ ಅಷ್ಟು ಲೋಹ ಹೋಗಿದ್ದು ಹೋಯಿತು. ಆ ತಟ್ಟೆಯ ನಡುವಿನ ಕಮಲದ ಎಸಳುಗಳು ಅಂದಿನಿಂದ ಸ್ವಲ್ಪ ಮಂದವಾಗಿಯೇ ಉಳಿದಿವೆ.

ನಿಂಬೆ-ಉಪ್ಪು ಅವಸರದ ದಿನಕ್ಕೆ. ಪಂಚಪಾತ್ರೆ, ಉದ್ಧರಣೆ, ಚಿಕ್ಕ ಗಂಟೆ, ಕೈಯಲ್ಲಿ ಹಿಡಿದು ಒಂದು ನಿಮಿಷದಲ್ಲಿ ಮುಗಿಸುವಂಥ ಸಾಮಾನುಗಳಿಗೆ ಅದಕ್ಕಿಂತ ಸುಲಭದ್ದಿಲ್ಲ. ದೊಡ್ಡ ಪಾತ್ರೆಗೆ ದುಬಾರಿ. ಬೇಸಿಗೆಯಲ್ಲಿ ನಿಂಬೆಹಣ್ಣಿನ ಬೆಲೆ ಏರಿದಾಗ ಒಂದು ಕೊಳದಪ್ಪಲೆ ಬೆಳಗಲು ನಾಲ್ಕು ಹಣ್ಣು ಸುರಿಯುವುದು ನನಗೆ ಸರಿಕಾಣುವುದಿಲ್ಲ. ಪಾನಕಕ್ಕೆ ಹಿಂಡಿದ ಸಿಪ್ಪೆಯನ್ನು ಎತ್ತಿಟ್ಟು ಬಳಸಿದರೆ ಮಾತು ಬೇರೆ. ಇದರ ಬದಲು ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು, ಒಂದು ಚಮಚ ತಂದು ಲೀಟರು ಬಿಸಿನೀರಿಗೆ ಹಾಕಿದರೆ ಅದೇ ಕೆಲಸ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಹೊರದೇಶದಲ್ಲಿರುವ ನನ್ನ ಮಗಳು ಹುಣಸೆ ಸಿಗದ ಊರಿನಲ್ಲಿ ಇದರಿಂದಲೇ ದೀಪ ಬೆಳಗಿಕೊಳ್ಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಹಿತ್ತಾಳೆಯನ್ನು ಡಿಶ್‌ವಾಷರಿಗೆ ಹಾಕಬೇಡಿ. ಅದರ ಮಾರ್ಜಕ ತೀರ ಕಟು, ಜೊತೆಗೆ ಬಿಸಿ ಹಬೆ. ಹೊಳೆಯುವ ಬದಲು ಕಪ್ಪಿಟ್ಟು ಹೊರಬರುತ್ತದೆ.

ಕರಾವಳಿಯ ಮನೆಗಳ ಹಿತ್ತಿಲಲ್ಲಿ ಬಿಂಬುಳಿ ಮರ ಇರುತ್ತದೆ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟು, ಉಪ್ಪಿನಕಾಯಿ ಹಾಕಿ, ಸಾರಿಗೆ ಬಳಸಿ, ಉಳಿದದ್ದು ನೆಲಕ್ಕೆ ಬಿದ್ದು ಕೊಳೆಯುತ್ತದೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಎರಡಾಗಿ ಸೀಳಿ ತಿಕ್ಕಿದರೆ ಹಿತ್ತಾಳೆ ಥಟ್ಟನೆ ಬಿಳುಪೇರುತ್ತದೆ. ಮರ ಇದ್ದವರು ಹುಣಸೆ ಕೊಳ್ಳಬೇಕಾಗಿಯೇ ಇಲ್ಲ.

ವಿನೆಗರ್ ನನಗೆ ಒಗ್ಗದ್ದು. ಕೆಲಸ ಮಾಡುವುದಿಲ್ಲವೆಂದಲ್ಲ. ಅದರ ಅಸಿಟಿಕ್ ಆಮ್ಲ ತಾಮ್ರದೊಡನೆ ಸೇರಿದರೆ ಕಿಲುಬೇ ಹುಟ್ಟುತ್ತದೆ, ಹಿಂದೆ ಯುರೋಪಿನಲ್ಲಿ ಚಿತ್ರಕಾರರ ಹಸಿರು ಬಣ್ಣವನ್ನು ತಾಮ್ರದ ತಗಡಿಗೆ ಇದೇ ಹುಳಿಯ ಆವಿ ತಾಗಿಸಿ ತಯಾರಿಸುತ್ತಿದ್ದರು. ಕೆತ್ತನೆಯ ಸಂದಿಯಲ್ಲಿ ಒಂದು ತೊಟ್ಟು ಉಳಿದರೂ ವಾರದಲ್ಲಿ ಹಸಿರು ಗೆರೆ ಮೂಡುತ್ತದೆ. ಟೊಮೆಟೊ ಸಾಸ್ ಹಚ್ಚುವುದೂ ಇದೇ ವಿದ್ಯೆ: ಅದರೊಳಗಿನ ವಿನೆಗರ್, ಉಪ್ಪು, ಟೊಮೆಟೊ ಹುಳಿ. ಹುಣಸೆ ಇರುವ ಮನೆಯಲ್ಲಿ ಅದಕ್ಕೆ ಕಾರಣವಿಲ್ಲ. ಹುಳಿ ಮಜ್ಜಿಗೆ ತೀರ ಮೆದು. ವಾರ ವಾರ ತೊಳೆಯುವ, ಹೆಚ್ಚು ಮಂಕಾಗದ ಸಾಮಾನಿಗೆ ಸಾಕು, ಅಟ್ಟದಿಂದ ಇಳಿಸಿದ್ದಕ್ಕೆ ಸಾಲದು.

ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ, ನೊರೆ ಉಕ್ಕಿದ್ದನ್ನು ಕಂಡು ಸಂತೋಷಪಡುವವರು ಬಹಳ. ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದುಹಾಕುವಾಗ ಏಳುವ ಗಾಳಿ ಅದು. ನೊರೆ ನಿಂತ ಮೇಲೆ ಎರಡರ ಶಕ್ತಿಯೂ ಬಹುಪಾಲು ಮುಗಿದಿರುತ್ತದೆ. ಎರಡೂ ಬೇಕಾದದ್ದೇ, ಆದರೆ ಒಂದಾದ ಮೇಲೆ ಒಂದು.

ದೀಪಕ್ಕೆ ಮೊದಲು ಬೂದಿ

ಅಜ್ಜಿಯಂದಿರು ಮೊದಲು ಬೂದಿಯಲ್ಲಿ ಉಜ್ಜಿ, ತೊಳೆದು, ಆಮೇಲೆ ಹುಣಸೆ ಹಚ್ಚುತ್ತಿದ್ದ ಕ್ರಮದ ಅರ್ಥ ನನಗೆ ಆ ಹರಿವಾಣದಿಂದ ಸ್ಪಷ್ಟವಾಯಿತು. ಸೌದೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಕ್ಷಾರ. ಕ್ಷಾರ ಎಣ್ಣೆಯನ್ನು ಬಿಡಿಸುತ್ತದೆ, ಹುಳಿ ಕಪ್ಪನ್ನು ಬಿಡಿಸುತ್ತದೆ. ಕ್ರಮ ತಿರುಗಿಸಿದರೆ ಎರಡೂ ದಂಡ.

ಒಲೆಯಿಲ್ಲದ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಸೀಗೆಪುಡಿ, ಅಂಟುವಾಳದ ನೀರು, ಇಲ್ಲವೇ ಪಾತ್ರೆ ತೊಳೆಯುವ ದ್ರವ, ಯಾವುದಾದರೂ ಸರಿ, ಬಿಸಿನೀರು ಮಾತ್ರ ಬೇಕೇ ಬೇಕು. ವರ್ಷಗಳ ಜಿಡ್ಡಿಗೆ ಇವು ಸೋಲುತ್ತವೆ. ಆಗ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸಿ ಎರಡು ಚಮಚ ವಾಷಿಂಗ್ ಸೋಡಾ ಹಾಕಿ, ದೀಪದ ಬಿಡಿಭಾಗಗಳನ್ನು ಬಿಚ್ಚಿ ಇಪ್ಪತ್ತು ನಿಮಿಷ ಇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನೇ ತಿನ್ನುತ್ತದೆ. ಕೈಗೆ ಗ್ಲೌಸ್ ಇರಲಿ. ಜಿಡ್ಡು ಚರ್ಮದಂತೆ ಸುಲಿದು ಬರುತ್ತದೆ, ಸಂದಿಯಲ್ಲಿ ಉಳಿದದ್ದನ್ನು ಬಿದಿರು ಕಡ್ಡಿಯಿಂದ ಅಥವಾ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಸೂಜಿ, ಪಿನ್ನು, ಚಾಕುವಿನ ತುದಿ ಬೇಡ. ಹೀಗೆ ಮಾಡಿದ ಮೇಲೆ ಹುಣಸೆ ಹಚ್ಚಿ ನೋಡಿ, ಹತ್ತು ನಿಮಿಷ ಕಾಯಬೇಕಾದ ಪ್ರಮೇಯವೂ ಬರುವುದಿಲ್ಲ.

ಇಟ್ಟಿಗೆ ಪುಡಿ, ರಂಗೋಲಿ ಪುಡಿ, ಮರಳು ಇವುಗಳಿಂದ ಕೊಳೆ ಕರಗುವುದಿಲ್ಲ, ಉಜ್ಜಿ ಸವೆಯುತ್ತದೆ. ಬಟ್ಟೆಯಲ್ಲಿ ಜರಡಿ ಹಿಡಿದ ಇಟ್ಟಿಗೆ ಪುಡಿ ಹಂಡೆಯ ಹೊರಮೈಗೆ, ಒಲೆ ಮಸಿ ಗಟ್ಟಿಯಾಗಿ ಕೂತ ಬುಡಕ್ಕೆ ಸರಿ. ನೀರು ತುಂಬುವ ಹಬ್ಬದ ಹಿಂದಿನ ದಿನ ಹಂಡೆ ತಿಕ್ಕುವಾಗ ನಾನೂ ಬಳಸುತ್ತೇನೆ. ನುಣುಪು ತಟ್ಟೆಗೆ, ಕೆತ್ತನೆಗೆ ಎಂದೂ ಬೇಡ. ಸ್ಟೀಲ್ ಜುಂಗು, ಹಸಿರು ಸ್ಕ್ರಬ್ಬರ್ ಕೂಡ ಹಾಗೆಯೇ. ಅವು ಬಿಡುವ ಸಣ್ಣ ಗೀರುಗಳಲ್ಲಿ ತೇವ, ಕೊಳೆ ಕೂತು ಮುಂದಿನ ಸಲ ಇನ್ನೂ ಬೇಗ ಕಪ್ಪಾಗುತ್ತದೆ.

ಅಂಗಡಿಯದು: ಪುಡಿ ಮತ್ತು ದ್ರವ

ಪಿತಾಂಬರಿಯಂಥ ಪುಡಿಗಳನ್ನು ಬ್ರಾಸೋ ಜೊತೆ ಒಂದೇ ಸಾಲಿನಲ್ಲಿ ಇಡುವುದು ತಪ್ಪು. ಪುಡಿ ಹುಣಸೆಯ ಜಾತಿಯದು: ಒದ್ದೆ ಬೆರಳಿಗೆ ತಗುಲಿಸಿ ಉಜ್ಜಿದರೆ ಕಪ್ಪು ಕರಗುತ್ತದೆ, ನೀರಿನಲ್ಲಿ ತೊಳೆದುಹೋಗುತ್ತದೆ. ಇಪ್ಪತ್ತು ಮೂವತ್ತು ಸಾಮಾನು ಒಂದೇ ಸಂಜೆ ಬೆಳಗಬೇಕಾದವರಿಗೆ, ಕೈನೋವು ಇರುವ ಹಿರಿಯರಿಗೆ ನಾನು ಇದನ್ನೇ ಹೇಳುತ್ತೇನೆ, ಸಂಕೋಚವೇನೂ ಇಲ್ಲ. ಬೆರಳಿನಲ್ಲಿ ಗಾಯ ಇದ್ದರೆ ಉರಿಯುತ್ತದೆ, ಚರ್ಮ ಒಣಗುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಹುಣಸೆಯ ಎದುರು ಅದರ ಕೊರತೆ ಒಂದೇ: ಕೈ ಬೇಗ ಓಡುವುದರಿಂದ ಸಮವಾಗಿ ಹಚ್ಚದಿದ್ದರೆ ಮೋಡ ಮೋಡವಾಗಿ ಕಾಣುತ್ತದೆ.

ಬ್ರಾಸೋ ಬೇರೆ ಲೋಕದ್ದು. ಅದರಲ್ಲಿ ನುಣ್ಣನೆಯ ಉಜ್ಜುಪುಡಿ, ಪೆಟ್ರೋಲಿಯಂ ದ್ರಾವಕ, ಅಮೋನಿಯ ಇವೆ. ಕಪ್ಪನ್ನು ಬಿಡಿಸುವುದರ ಜೊತೆಗೆ ಮೇಲ್ಮೈಯನ್ನು ಸಮ ಮಾಡುತ್ತದೆ, ಆದ್ದರಿಂದಲೇ ಆ ಕನ್ನಡಿ ಹೊಳಪು, ಆದ್ದರಿಂದಲೇ ಬಾಳಿಕೆ. ಬಾಗಿಲ ಹಿಡಿ, ನಾಮಫಲಕ, ತೂಗುಮಂಚದ ಸರಪಳಿ, ಪಡಸಾಲೆಯಲ್ಲಿ ಅಲಂಕಾರಕ್ಕಿಟ್ಟ ಹೂದಾನಿ ಇಂಥವಕ್ಕೆ ಇದೇ ಸರಿ. ಇವನ್ನು ಹುಣಸೆ ಹಚ್ಚಿ ತೊಳೆಯಲು ಗೋಡೆಯಿಂದ ಕಳಚುವುದಾದರೂ ಹೇಗೆ? ಅಡುಗೆಯ, ಕುಡಿಯುವ ನೀರಿನ, ನೈವೇದ್ಯದ, ತೀರ್ಥದ ಪಾತ್ರೆಗೆ ಮಾತ್ರ ಬೇಡವೇ ಬೇಡ. ಕೆತ್ತನೆ ಹೆಚ್ಚಿರುವಲ್ಲೂ ಬೇಡ, ಒಣಗಿದ ಪುಡಿ ಬೆಳ್ಳಗೆ ಸಂದಿಯಲ್ಲಿ ಕೂತರೆ ತೆಗೆಯುವುದು ದೊಡ್ಡ ಕಷ್ಟ. ಕಿಟಕಿ ತೆರೆದಿರಲಿ, ಹತ್ತಿರ ದೀಪ ಉರಿಯುತ್ತಿರಬಾರದು.

ಹಚ್ಚಿದ್ದನ್ನು ಹಾಗೇ ಬಿಟ್ಟು ಬೇರೆ ಕೆಲಸಕ್ಕೆ ಹೋಗಲೂ ಬೇಡಿ. ಹಿತ್ತಾಳೆಗೂ ಅಮೋನಿಯಕ್ಕೂ ಹಳೆಯ ವೈರವಿದೆ, ಅದು ತಿಳಿದುಬಂದದ್ದು ನಮ್ಮ ದೇಶದ ಮಳೆಗಾಲದಿಂದಲೇ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು, ಮಳೆ ನಿಂತ ಮೇಲೆ ನೋಡಿದರೆ ಹಿತ್ತಾಳೆಯ ತೋಟಾಗಳು ಬಿರುಕು ಬಿಟ್ಟಿರುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ತೋಟಾ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ, ಎರಡೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ವಿವರಿಸಲಾಯಿತು. ಬಡಿದು ರೂಪ ಕೊಟ್ಟ ಬಿಂದಿಗೆ, ಕೊಡಗಳಲ್ಲೂ ಅಂಥ ಬಿಗಿತ ಉಳಿದಿರಬಹುದು. ತೆಳುವಾಗಿ ಹಚ್ಚಿ, ಮಂಜು ಕಟ್ಟಿದಂತಾದ ಕೂಡಲೇ ಹತ್ತಿ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ, ಅಷ್ಟಾದರೆ ಭಯವಿಲ್ಲ.

ಟಾಯ್ಲೆಟ್ ಕ್ಲೀನರ್ ಹಾಕಿದರೆ ಕ್ಷಣದಲ್ಲಿ ಹೊಳೆಯುತ್ತದೆಂದು ಕೆಲವರು ತೋರಿಸುತ್ತಾರೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಕೊಳೆಯ ಜೊತೆ ಲೋಹವನ್ನೂ ತಿನ್ನುತ್ತದೆ, ಬ್ಲೀಚ್ ತಗುಲಿದರೆ ವಿಷಗಾಳಿ ಏಳುತ್ತದೆ. ದೇವರ ಸಾಮಾನಿನ ಹತ್ತಿರ ಅದು ಸುಳಿಯಲೇಬಾರದು.

ಕೈ ಹಿಂದೆ ತೆಗೆಯಬೇಕಾದ ಕಡೆ

ಕಲಾಯಿ ಹಾಕಿದ ಪಾತ್ರೆಯ ಒಳಮೈ ಬೆಳ್ಳಗೆ ಮಂದವಾಗಿರುತ್ತದೆ. ಅದು ಕೊಳೆಯಲ್ಲ, ತವರದ ಲೇಪ. ಹುಳಿ ಪದಾರ್ಥ ಹಿತ್ತಾಳೆಗೆ ತಾಗಿ ಕಿಲುಬಾಗದಂತೆ ಕಾಯುವುದು ಅದೇ. ಒಳಗೆ ಹೊಳಪು ಬರಲೆಂದು ಪುಡಿ ಹಾಕಿ ತಿಕ್ಕಿದರೆ ಕಲಾಯಿ ಸವೆದು ಹಳದಿ ಇಣುಕುತ್ತದೆ. ಒಳಗೆ ಮೆತ್ತನೆಯ ಬಟ್ಟೆ, ಸಾಬೂನು ನೀರು ಸಾಕು, ಹುಣಸೆ ಹೊರಗೆ ಮಾತ್ರ. ಹಳದಿ ಇಣುಕಿದ್ದರೆ ಬೆಳಗುವುದು ಬಿಟ್ಟು ಕಲಾಯಿ ಹಾಕುವವರನ್ನು ಹುಡುಕಿ, ಅಲ್ಲಿಯವರೆಗೆ ಅದರಲ್ಲಿ ಹುಳಿ, ಸಾರು ಮಾಡಬೇಡಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಆದ್ದರಿಂದ ಒಣಗಿಸಲೆಂದು ಖಾಲಿ ಪಾತ್ರೆಯನ್ನು ಒಲೆಯ ಮೇಲಿಡುವುದೂ ಬೇಡ.

ಬಿದರಿ ಸಾಮಾನು ಮನೆಯಲ್ಲಿದ್ದರೆ ಅದನ್ನು ಈ ಕೆಲಸದ ದಿನ ಬೀರುವಿನಿಂದ ಹೊರತೆಗೆಯಲೇಬೇಡಿ. ಅದು ಹಿತ್ತಾಳೆಯಲ್ಲ, ಹೆಚ್ಚಿನ ಪಾಲು ಸತು. ಬೀದರ್ ಕೋಟೆಯ ಮಣ್ಣಿನೊಂದಿಗೆ ನವಸಾಗರ ಬೆರೆಸಿ ಕುಶಲಕರ್ಮಿಗಳು ಕೊಟ್ಟ ಕಪ್ಪು ಅದರ ಸೌಂದರ್ಯ, ಆ ಕಪ್ಪಿನ ಮೇಲೆಯೇ ಬೆಳ್ಳಿಯ ಬಳ್ಳಿ ಎದ್ದು ಕಾಣುವುದು. ಹುಣಸೆ ಹಚ್ಚಿದರೆ ಆ ಕಪ್ಪು ಹೋಗುತ್ತದೆ, ಮನೆಯಲ್ಲಿ ಮತ್ತೆ ತರಲಾಗದು. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತಲೆಮಾರುಗಳಿಂದ ಬಂದ ವಿಗ್ರಹಗಳ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಠಿಣ ಅನ್ನಿಸಬಹುದು. ಪ್ರತಿ ಸಲ ತಿಕ್ಕಿದಾಗಲೂ ಒಂದು ಕೂದಲೆಳೆಯಷ್ಟಾದರೂ ಲೋಹ ಹೋಗುತ್ತದೆ. ಕಣ್ಣು, ಮೂಗು, ಬೆರಳು, ಒಡವೆಯ ಗೆರೆ ಮೊದಲು ಸವೆಯುವ ಜಾಗಗಳು. ತವರುಮನೆಯ ಲಕ್ಷ್ಮಿಯ ಮುಖ ಇವತ್ತು ನುಣ್ಣಗಿದೆ, ನಾನು ಚಿಕ್ಕವಳಿದ್ದಾಗ ಅದಕ್ಕೆ ಮೂಗುತಿ ಇತ್ತು. ಅಭಿಷೇಕದ ಹಾಲು, ತುಪ್ಪ, ಅರಿಶಿನ ಕುಂಕುಮವನ್ನು ಬೆಚ್ಚಗಿನ ನೀರು, ಸೀಗೆ ಅಥವಾ ಮೃದು ಸಾಬೂನಿನಲ್ಲಿ ಆ ದಿನವೇ ತೊಳೆಯಿರಿ, ಮೆತ್ತನೆ ಬ್ರಶ್ಶು ಸಾಕು. ಹುಳಿ ಹಚ್ಚುವುದು ವರ್ಷಕ್ಕೊಮ್ಮೆ, ಅದೂ ಬಟ್ಟೆಯಲ್ಲಿ ತೀಡಿ ಒಂದೆರಡು ನಿಮಿಷ. ತುಂಬ ಹಳೆಯದು, ಬೆಲೆಬಾಳುವುದು ಅನ್ನಿಸಿದರೆ ಅದರ ಕಂದು ಬಣ್ಣವನ್ನು ಹಾಗೇ ಬಿಡಿ. ಆ ಬಣ್ಣ ಬರಲು ಬಹಳ ವರ್ಷ ಹಿಡಿದಿದೆ.

ತೊಳೆದ ಮೇಲೆ

ಬೆಳಗಿದ ಹಿತ್ತಾಳೆ ಮರುದಿನವೇ ಚುಕ್ಕೆ ಬೀಳುವುದು ಬಹುಪಾಲು ಇಲ್ಲಿಯ ಅಜಾಗರೂಕತೆಯಿಂದ. ಹುಳಿ, ಉಪ್ಪು ಒಂದಿಷ್ಟೂ ಉಳಿಯದಂತೆ ಎರಡು ಸಲ ತೊಳೆಯಬೇಕು. ಬೋರ್‌ವೆಲ್ ನೀರಿನ ಮನೆಯವರು ಕೊನೆಯ ನೀರನ್ನು ಫಿಲ್ಟರಿನಿಂದ ಹಿಡಿದು ಹಾಕಿ, ಇಲ್ಲವಾದರೆ ಗಡಸು ನೀರಿನ ಬಿಳಿ ಕಲೆ ಉಳಿಯುತ್ತದೆ. ತಾನಾಗಿ ಆರಲು ಬಿಡದೆ ತಕ್ಷಣ ಒರೆಸಿ, ಹತ್ತು ನಿಮಿಷ ಬಿಸಿಲಿಗಿಡಿ. ಪೂರ್ತಿ ಒಣಗಿದ ಮೇಲೆ ಒಂದು ಚಿಟಿಕೆ ವಿಭೂತಿಯನ್ನು ಒಣಬಟ್ಟೆಗೆ ಹಾಕಿಕೊಂಡು ಉಜ್ಜಿ. ಅಷ್ಟು ನುಣ್ಣನೆಯ ಹೊಳಪು ಪುಡಿ ಮನೆಯಲ್ಲಿ ಬೇರೆ ಸಿಗದು, ಉಳಿದ ತೇವವನ್ನೂ ಅದು ಹೀರುತ್ತದೆ. ನನ್ನ ಹರಿವಾಣದ ಹುಣಸೆಯ ಭಾಗಕ್ಕೆ ಆಮೇಲೆ ವಿಭೂತಿ ಉಜ್ಜಿ ಇಟ್ಟಾಗ ಬ್ರಾಸೋದ ಹತ್ತಿರಕ್ಕೇ ಬಂತು.

ಅಲಂಕಾರದ ಸಾಮಾನಿಗೆ ಜೇನುಮೇಣವನ್ನು ತೀರ ತೆಳುವಾಗಿ ಸವರಿ ಒರೆಸಿದರೆ ಗಾಳಿ, ಬೆವರು ತಾಗುವುದು ಕಡಿಮೆಯಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದರ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಕೆಲವು ದಿನ ಚೆಂದ, ಆಮೇಲೆ ಧೂಳು ಹಿಡಿದು ಅದೇ ಜಿಡ್ಡು.

ಎತ್ತಿಡುವಾಗ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ. ಉಣ್ಣೆ ಬಟ್ಟೆ ಬೇಡ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವುದಂತೂ ಬೇಡವೇ ಬೇಡ. ಎರಡರಲ್ಲೂ ಗಂಧಕ ಇದೆ. ಮುಂದಿನ ಹಬ್ಬಕ್ಕೆ ಬಿಚ್ಚಿದಾಗ ರಬ್ಬರ್ ಬ್ಯಾಂಡ್ ಇದ್ದ ಜಾಗದಲ್ಲಿ ಸುತ್ತಲೂ ಒಂದು ಕಪ್ಪು ಗೆರೆ ಕೂತಿರುತ್ತದೆ, ಅದಕ್ಕೆ ಮತ್ತೆ ಹುಣಸೆ ನೆನೆಹಾಕಬೇಕಾಗುತ್ತದೆ.